ನಿತ್ಯಸುಖದ ಧರ್ಮಪ್ರಶ್ನೆ

ಸ್ಕಾಟ್ಲೆಂಡಿನ ಓರ್ವ ವೃದ್ಧೆಗೆ ನೋವೂ ಕಳವಳವೂ ಬಹುಮಟ್ಟಿಗೆ ತಿಳಿಯದಿರಲು ವಂಶವಾಹಿಗಳ ಅಪೂರ್ವ ವ್ಯತ್ಯಯವೇ ಕಾರಣವೆಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಒಲೆಗೆ ತಾಗಿ ಕೈ ಸುಟ್ಟುದು ಆಕೆಗೆ ಅರಿವಾಗುತ್ತಿದ್ದುದು ಮಾಂಸ ಕಮರಿದ ವಾಸನೆಯಿಂದಲೇ. ಇಂಥ ನಿರಾತಂಕ ಪ್ರಸನ್ನತೆಯನ್ನು ಹುಟ್ಟಲಿರುವ ಶಿಶುಗಳಲ್ಲಿ ನಾವೇ ಬಿತ್ತಬಲ್ಲೆವಾದರೆ, ಬಿತ್ತುವುದು ಧರ್ಮವೇ?

ನಿಷ್ಕಾರಣವಾಗಿ ಕುಗ್ಗಿ ಬದುಕನ್ನೇ ಒಲ್ಲೆನೆನ್ನುವ ಜೀವದ ಯಾತನೆಯನ್ನು ನೀಗುವುದು ನಿಸ್ಸಂಶಯವಾಗಿ ಕರುಣೆಯ ಕಾರ್ಯ. ಆದರೆ ಬುದ್ಧನು ತೋರಿದ ದುಃಖನಿರೋಧದ ಮಾರ್ಗವು ದುಃಖವನ್ನು ಕಣ್ತೆರೆದು ಕಂಡು, ತೃಷ್ಣೆಯನ್ನು ತಾನೇ ಗೆಲ್ಲುವ ಸಾಧನೆಯಾಗಿತ್ತು. ಪರರ ನೋವಿಗೆ ಮಿಡಿಯುವ ಕರುಣೆಯೂ ಆ ದರ್ಶನದಿಂದಲೇ ಹುಟ್ಟಿತು. ಕೂಸಿನ ಶವದೆದುರು ಅಳಲಾರದ ತಾಯಿಯನ್ನು ಸುಖಿಯೆಂದೇವು, ಪೂರ್ಣಳೆನ್ನಲಾರೆವು. ಆದ್ದರಿಂದ, ಸಮ್ಮತಿ ನೀಡಲಾರದ ಮುಂದಿನ ಪೀಳಿಗೆಗಳ ವ್ಯಾಧಿಯನ್ನು ತಡೆಯುವ ಅಧಿಕಾರ ನಮಗುಂಟೆಂದೂ, ಅವರ ಶೋಕಿಸುವ ಶಕ್ತಿಯನ್ನು ಅಪಹರಿಸುವ ಅಧಿಕಾರವಿಲ್ಲವೆಂದೂ ನಾನು ನಂಬುತ್ತೇನೆ.