ತಲಾ 15 ಕಿಲೊ

ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಹೋದವರು ಈ ನೋಟವನ್ನು ಕಂಡೇ ಇರುತ್ತಾರೆ. ಚೆಕ್-ಇನ್ ಕೌಂಟರಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ಸಂಸಾರ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತಿರುತ್ತದೆ. ಈ ಪೆಟ್ಟಿಗೆಯ ಸೀರೆ ಆ ಪೆಟ್ಟಿಗೆಗೆ, ಆ ಪೆಟ್ಟಿಗೆಯ ಚಪ್ಪಲಿ ಕೈಚೀಲಕ್ಕೆ. ಮಗ ಫೋನಿನಲ್ಲಿ ಲೆಕ್ಕ ಹಾಕುತ್ತಾನೆ, ಸೊಸೆ ಗಡಿಯಾರ ನೋಡುತ್ತಾಳೆ. ಕೊನೆಗೆ ಯಾವ ಪೆಟ್ಟಿಗೆಗೂ ಸೇರದೆ ಹೊರಗುಳಿಯುವುದು ಹೆಚ್ಚಾಗಿ ಹಿರಿಯರು ಕಟ್ಟಿಕೊಟ್ಟದ್ದೇ: ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ಶೇಂಗಾ ಹಿಂಡಿಯ ಡಬ್ಬಿ. ‘ಇರಲಿ ಬಿಡ್ರಿ, ಅಲ್ಲೂ ಸಿಗತದ’ ಎನ್ನುತ್ತಾರೆ ಅಜ್ಜಿ. ಅಲ್ಲಿ ಸಿಗುವುದಿಲ್ಲವೆಂದೇ ಅವರು ಅದನ್ನು ಮಾಡಿರುತ್ತಾರೆ.

ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ತಲೆಮಾರುಗಳಿಂದ ನೆಲೆಸಿದ ನಮ್ಮ ಮನೆಗಳಿಗೆ ಕಾಚಿಗುಡದ ರೈಲು ಚೆನ್ನಾಗಿ ಗೊತ್ತು. ರೈಲಿನಲ್ಲೂ ಸ್ಲೀಪರ್ ದರ್ಜೆಗೆ 40 ಕಿಲೊ ಎಂಬ ಮಿತಿ ಉಂಟು. ಆದರೆ ಸಾಮಾನು ತೂಗಿದ್ದನ್ನು ಕಂಡವರು ಕಡಿಮೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನೇ ಅದರ ಗುರುತಾಗಿ ಇಟ್ಟುಕೊಂಡ ಮೇಲೆ ವಿಮಾನ ನಮ್ಮಂಥ ಸಂಸಾರಸ್ಥರ ಕೈಗೂ ಎಟುಕಿತು. ಅದಕ್ಕಾಗಿ ಅವರಿಗೆ ನಾವು ಋಣಿಗಳು. ಆದರೆ ಅಗ್ಗದ ವಿಮಾನದ ಅರ್ಥಶಾಸ್ತ್ರವೇ ಬೇರೆ. ಟಿಕೆಟ್ಟಿನ ದರ ಕೂತುಕೊಳ್ಳುವ ಜಾಗಕ್ಕೆ. ಊಟಕ್ಕೆ, ಬೇಕಾದ ಸೀಟಿಗೆ, ಹೆಚ್ಚಿನ ಸಾಮಾನಿಗೆ ಬೇರೆ ಬೇರೆ ಬೆಲೆ. 2021ರಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಚೆಕ್-ಇನ್ ಸಾಮಾನೇ ಇಲ್ಲದ ಕಡಿಮೆ ದರದ ಟಿಕೆಟ್ ಮಾರಲೂ ಅನುಮತಿ ಕೊಟ್ಟಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಲೈಟ್’ ದರ ಆ ಬಗೆಯದು. ಒಬ್ಬನೇ ಹೋಗಿ ಸಂಜೆಗೆ ಮರಳುವವನಿಗೆ ಅದು ಒಳ್ಳೆಯದೇ. ಮದುವೆಗೆ ಹೊರಟ ಐದು ಜನರ ಮನೆಗೆ ಅದೇ ಉಳಿತಾಯ ಕೌಂಟರಿನ ಮುಂದೆ ದುಬಾರಿಯಾಗುತ್ತದೆ.

ನಿಯಮಗಳು ಕಠಿಣವೇನಲ್ಲ. ಓದುವ ತಾಳ್ಮೆ ಬೇಕು, ಅಷ್ಟೆ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ತಲಾ 15 ಕಿಲೊ, ಕೈಚೀಲಕ್ಕೆ 7 ಕಿಲೊ. ಇಂಡಿಗೊದಲ್ಲಿ ಆ 15 ಕಿಲೊ ಒಂದೇ ನಗದಲ್ಲಿರಬೇಕು. ಎಂಟೆಂಟು ಕಿಲೊದ ಎರಡು ಚೀಲ ಒಯ್ದರೆ ತೂಕದ ಜೊತೆ ಎರಡನೆಯ ನಗಕ್ಕೂ ಹಣ ಕೊಡಬೇಕಾದೀತು. ಎರಡು ವರ್ಷ ದಾಟಿದ ಮಗುವಿಗೆ ಸ್ವಂತ ಸೀಟು, ಸ್ವಂತ 15 ಕಿಲೊ; ತೊಡೆಯ ಮೇಲಿನ ಕೂಸಿಗೆ ಸಾಮಾನ್ಯವಾಗಿ ಚೆಕ್-ಇನ್ ಸಾಮಾನಿನ ಪಾಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಗಂಟುಮೂಟೆ ಇರುವುದು ಕೂಸಿನದೇ ಎಂಬುದನ್ನು ಈ ನಿಯಮ ಮಾಡಿದವರು ಸ್ವಲ್ಪ ಯೋಚಿಸಬೇಕಿತ್ತು. ಒಂದೇ ಪಿಎನ್‌ಆರ್‌ನಲ್ಲಿ ಎಲ್ಲರ ಹೆಸರಿದ್ದರೆ ಕೆಲವು ಕಂಪನಿಗಳು ಮನೆಯವರ ತೂಕವನ್ನೆಲ್ಲ ಕೂಡಿಸಿ ನೋಡುತ್ತವೆ. ಮಗ ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ ಟಿಕೆಟ್ ಕೊಂಡಿದ್ದರೆ ಆ ಅನುಕೂಲ ಕೇಳುವುದು ಕಷ್ಟ. ಇನ್ನು ಅಮೆರಿಕದಿಂದ ಬರುವ ಮಕ್ಕಳಿಗೆ ಸಾಮಾನ್ಯವಾಗಿ 23 ಕಿಲೊದ ಎರಡು ಪೆಟ್ಟಿಗೆ ತರಲು ಅವಕಾಶವಿರುತ್ತದೆ. ಹೈದರಾಬಾದಿನಿಂದ ಮಂಗಳೂರಿಗೆ ಬೇರೆಯೇ ಟಿಕೆಟ್ ಕೊಂಡಿದ್ದರೆ ಆ 46 ಕಿಲೊ ಅಲ್ಲಿಗೆ ಮುಗಿಯಿತು, ಮುಂದಕ್ಕೆ 15 ಮಾತ್ರ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ಬಹುತೇಕ ಈ ತಾಪತ್ರಯ ಬರುವುದಿಲ್ಲ.

ಈ ಮಿತಿಗಳೆಲ್ಲ ಕಂಪನಿಯ ಲಾಭಕ್ಕೆಂದೇ ಹುಟ್ಟಿದವು ಎಂದುಕೊಳ್ಳುವುದೂ ಸರಿಯಲ್ಲ. ಹಣ ಕೊಡುತ್ತೇನೆಂದರೂ 32 ಕಿಲೊ ಮೀರಿದ ಒಂಟಿ ಪೆಟ್ಟಿಗೆಯನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಎರಡಾಗಿ ಹಂಚಿ ಎನ್ನುತ್ತಾರೆ. ವಿಮಾನದ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಅಲ್ಲಿ ಒಬ್ಬ ಆಳು ಮಂಡಿಯೂರಿ, ಬೆನ್ನು ಬಾಗಿಸಿ ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸುತ್ತಾನೆ. ಆ ಅಂಕಿ ಅವನ ಬೆನ್ನಿನ ಸಲುವಾಗಿ ಇಟ್ಟದ್ದು. ಹಾಗೆಯೇ ಒಣಕೊಬ್ಬರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಗಳಿಗೆ ಉಡಿ ತುಂಬುವಾಗ ಕೊಬ್ಬರಿ ಬಟ್ಟಲು ಇರಲೇಬೇಕು. ಆದರೆ ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಚೆಕ್-ಇನ್ ಪೆಟ್ಟಿಗೆಯಲ್ಲಿ ಅದಕ್ಕೆ ನಿಷೇಧ. ಪವರ್ ಬ್ಯಾಂಕ್ ಕೂಡ ಅಲ್ಲಿರಬಾರದು, ಕೈಚೀಲದಲ್ಲಿರಬೇಕು. ಉಪ್ಪಿನಕಾಯಿಗೆ ಇದರ ತಿರುವುಮುರುವು: ಚೆಕ್-ಇನ್ ಪೆಟ್ಟಿಗೆಯಲ್ಲಿ ಸರಿ, ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಇದನ್ನು ತಾಯಿಗೆ ಮೊದಲೇ ಹೇಳಿದರೆ ಆಕೆ ಉಡಿಯ ಕೊಬ್ಬರಿಯನ್ನು ದೇವರ ಮುಂದಿಟ್ಟು, ಅಕ್ಕಿ, ಬೆಲ್ಲ, ಕುಪ್ಪಸ ಕೊಟ್ಟು ಕಳಿಸುತ್ತಾಳೆ. ಹೇಳದೆ ಹೋದರೆ ಅದೇ ಕೊಬ್ಬರಿಯನ್ನು ಅಪರಿಚಿತರೊಬ್ಬರು ಪೆಟ್ಟಿಗೆಯಿಂದ ಎತ್ತಿ ಬದಿಗಿಡುವುದನ್ನು ಮಗಳು ನಿಂತು ನೋಡಬೇಕಾಗುತ್ತದೆ.

ಸಾಮಾನಿನ ಲೆಕ್ಕವನ್ನು ಮನೆಯಲ್ಲಿ ಒಬ್ಬರಾದರೂ ಹೊಣೆಯಾಗಿ ಹೊತ್ತುಕೊಳ್ಳಬೇಕು ಎಂದು ನಾನು ಒತ್ತಾಯದಿಂದ ಹೇಳುವುದು ಇದಕ್ಕೇ. ಕೊಡುವವರಿಗೂ ಇದರಲ್ಲಿ ಒಂದು ಪಾಲಿದೆ. ನೆಂಟರು ಹೊರಟು ನಿಂತಾಗ ಎರಡು ಕಿಲೊ ಉಸ್ಮಾನಿಯಾ ಬಿಸ್ಕತ್ತು ಕೈಗಿಡುವ ಮೊದಲು ‘ಪೆಟ್ಟಿಗೆಯಲ್ಲಿ ಇನ್ನೆಷ್ಟು ಜಾಗವಿದೆ?’ ಎಂದು ಕೇಳುವುದರಲ್ಲಿ ಜಿಪುಣತನವೇನಿಲ್ಲ, ಅದು ಸೌಜನ್ಯ. ಈ ಸಲ ಟಿಕೆಟ್ ಕೊಳ್ಳುವಾಗ ಮನೆಯವರೆಲ್ಲರ ಹೆಸರು ಒಂದೇ ಪಿಎನ್‌ಆರ್‌ನಲ್ಲಿರಲಿ. ಎಷ್ಟು ಕಿಲೊ, ಎಷ್ಟು ನಗ ಎಂಬುದನ್ನು ಟಿಕೆಟ್ಟಿನಲ್ಲೇ ನೋಡಿ, ಪೆಟ್ಟಿಗೆ ಕಟ್ಟುವ ಮೊದಲು ಹಿರಿಯರ ಮುಂದೆ ಓದಿ ಹೇಳಿ. ಅವರು ಕೊಡುವ ಡಬ್ಬಿಗೆ ಮೊದಲೇ ಮೂರು ಕಿಲೊ ತೆಗೆದಿಡಿ. ತೂಕ ಮೀರಿದರೆ ನಿಮ್ಮ ಎರಡು ಜೊತೆ ಬಟ್ಟೆ ಬಿಟ್ಟು ಹೋಗಿ. ಅಷ್ಟಾದರೂ ಸಾಲದಿದ್ದರೆ ಹೆಚ್ಚುವರಿ ತೂಕವನ್ನು ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಕೊಳ್ಳಿ. ಕೌಂಟರಿನ ದರಕ್ಕಿಂತ ಅದು ಅಗ್ಗ.