ಬಜೆಟ್ಟು ಮತ್ತು ಮಾಳಿಗೆಯ ಗೋಡೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಪರೀಕ್ಷೆಯ ಚಿಂತೆಯ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ: 'ಈ ಸಲದ ಬಜೆಟ್ಟಿನಲ್ಲಿ ನಮಗೇನು ಬಂತು?' 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 4 ಲಕ್ಷ 9 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಮುಂಗಡಪತ್ರ ಮಂಡಿಸಿದಾಗಲೂ ನಾವು ಕೇಳಿದ್ದು ಅದನ್ನೇ. ಪಾಂಡವಪುರದ ರೈತನಿಗೆ ಕಬ್ಬಿನ ಚಿಂತೆ. ಕೆ.ಆರ್. ಪೇಟೆ, ನಾಗಮಂಗಲದವರಿಗೆ ಹೇಮಾವತಿ ನಾಲೆಯ ನೀರಿನ ಚಿಂತೆ. ಶ್ರೀರಂಗಪಟ್ಟಣದ ಅಂಗಡಿಯವನಿಗೆ ಪ್ರವಾಸಿಗರ ಚಿಂತೆ. ಹೀಗೆ ಕೇಳುವುದು ತಪ್ಪಲ್ಲ. ಆದರೆ ಯಾರೂ ಕೇಳದ ಒಂದು ಸಂಗತಿ ಇರುತ್ತದೆ. ಅದಕ್ಕೆ ಹಣ ಇಡುವವರು ಯಾರು?

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ನಮಗೆ ಅನ್ನ ಕೊಡುವ ನಾಲೆಯೇ ಆ ದಿನ ಮಕ್ಕಳನ್ನು ನುಂಗಿತು. ಸರ್ಕಾರ ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಐದು ವರ್ಷಗಳ ನಂತರ, 2023ರ ನವೆಂಬರಿನಲ್ಲಿ, ಅದೇ ತಾಲೂಕಿನ ಬನಘಟ್ಟದ ಬಳಿ ಅದೇ ನಾಲೆಗೆ ಕಾರೊಂದು ಬಿದ್ದು ಐವರು ತೀರಿಕೊಂಡರು. ಅವಘಡಕ್ಕೆ ಕಾರಣಗಳು ಹಲವಿರಬಹುದು: ವೇಗ, ತಿರುವು, ಹಳೆಯ ವಾಹನ. ಆದರೂ ಪ್ರತಿ ಸಲ ಜನರ ಬಾಯಲ್ಲಿ ಬಂದ ಮಾತು ಒಂದೇ: 'ಇಲ್ಲೊಂದು ತಡೆಗೋಡೆ ಇದ್ದಿದ್ದರೆ!'

ಸತ್ತ ಮೇಲೆ ಹಣ ಸಿಗುತ್ತದೆ. ಸಾಯುವ ಮೊದಲು ಏಕೆ ಸಿಗುವುದಿಲ್ಲ?

ಇದಕ್ಕೆ ಸರ್ಕಾರವನ್ನಷ್ಟೇ ಬೈದರೆ ಉತ್ತರ ಸಿಗದು. ಗೋಡೆಯ ಸ್ವಭಾವದಲ್ಲೇ ಒಂದು ತೊಡಕಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಗೆ ಬಂದ ತಾಯಿಗೆ ಅದು ಯಾರಿಂದ ಬಂತೆಂದು ಗೊತ್ತು. ಆದರೆ ತಡೆಗೋಡೆಗೆ ತಾಗಿ ನಿಂತ ಬಸ್ಸಿನೊಳಗಿನ ಮಗು ಮನೆಗೆ ಬಂದು ಊಟ ಮಾಡಿ ಮಲಗುತ್ತದೆ. ತಾನು ಬದುಕುಳಿದೆನೆಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಅದರ ತಾಯಿ ಯಾರಿಗೂ ಕೃತಜ್ಞತೆ ಹೇಳುವುದಿಲ್ಲ, ಯಾರಿಗೂ ಅದಕ್ಕಾಗಿ ಓಟು ಹಾಕುವುದಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲ. ಕೃತಜ್ಞತೆಯೇ ಹುಟ್ಟದ ಉಪಕಾರವನ್ನು ಮಾಡುವವರು ವಿರಳ.

ಪವಿತ್ರ ಗ್ರಂಥಕ್ಕೆ ಮನುಷ್ಯನ ಈ ದೌರ್ಬಲ್ಯ ಗೊತ್ತಿತ್ತು. ಧರ್ಮೋಪದೇಶಕಾಂಡದ 22ನೇ ಅಧ್ಯಾಯವನ್ನು ತೆರೆದು ನೋಡಿ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಿಸಲೇಬೇಕು, ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ ಎಂದು ಅಲ್ಲಿ ವಿಧಿಸಿದೆ. ಗಮನಿಸಿ, ಬಿದ್ದವನ ಕುಟುಂಬಕ್ಕೆ ದಯೆ ತೋರಿಸೆಂದು ಇಲ್ಲಿ ಹೇಳಿಲ್ಲ. ಬೀಳದಂತೆ ನೋಡಿಕೊಳ್ಳುವುದನ್ನು ದಾನಧರ್ಮಕ್ಕೆ ಬಿಡದೆ ನ್ಯಾಯದ ಲೆಕ್ಕಕ್ಕೆ ಸೇರಿಸಿದೆ. ಮಾಳಿಗೆ ಕಟ್ಟಿದವನಿಗೆ ಗೋಡೆಯ ಹೊಣೆಯೂ ಅಂಟಿಕೊಂಡೇ ಬರುತ್ತದೆ. ನಾಲೆ ತೋಡಿದವರಿಗೂ, ಅದರ ದಡದಲ್ಲಿ ರಸ್ತೆ ಮಾಡಿದವರಿಗೂ ಹಾಗೆಯೇ.

'ಹಾಗಾದರೆ ಗ್ಯಾರಂಟಿಗಳನ್ನು ನಿಲ್ಲಿಸಬೇಕೆ, ಸ್ವಾಮಿ?' ಎಂದು ಕೇಳುವಿರಿ. ಖಂಡಿತ ಬೇಡ. ಆ ವರ್ಷ ಅವುಗಳಿಗೆಂದು ಇಟ್ಟ ಸುಮಾರು 51 ಸಾವಿರ ಕೋಟಿಯಿಂದ ಎಷ್ಟೋ ಬಡ ಮನೆಗಳಲ್ಲಿ ಒಲೆ ಉರಿದಿದೆ, ಮಕ್ಕಳ ಶಾಲೆಯ ಖರ್ಚು ನಡೆದಿದೆ. ಬಡವರ ಅನ್ನಕ್ಕೂ ಗೋಡೆಗೂ ಜಗಳ ಹಚ್ಚುವುದು ಪಾಪ. ಹಾಗೆ ನೋಡಿದರೆ ಹಳ್ಳಿಯ ಬಸ್ಸಿನಲ್ಲಿ ನಾಲೆಯ ದಡದ ಮೇಲೆ ಸಾಗುವವರೂ ಬಡವರ ಮಕ್ಕಳೇ.

ತೂಗಿ ನೋಡಬೇಕಾದದ್ದು ಬೇರೆ ಇದೆ. 2024ರಲ್ಲಿ ಕನ್ನಂಬಾಡಿಯ ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿಗಳಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮುಂದೆ ಜಿಲ್ಲೆಯ ರೈತರು ಅದನ್ನು ವಿರೋಧಿಸಿದರು. ಆ ಹಣವೆಲ್ಲ ಸರ್ಕಾರದ್ದಲ್ಲ ಎಂಬುದು ನಿಜ. ಉದ್ಯೋಗ ಬಂದರೆ ಸಂತೋಷವೇ. ಆದರೆ ಕಾರಂಜಿಗೆ ಆಸಕ್ತಿ, ಯೋಜನೆ, ಗಡುವು ಎಲ್ಲ ಒದಗಿಬರುತ್ತವೆ. ನಾಲೆಯ ಅಂಚಿಗೆ ಅವು ಏಕೆ ಅಷ್ಟು ಬೇಗ ಒದಗುವುದಿಲ್ಲ? ಸಮುದಾಯದ ಪಾಲನೆ ಹೊತ್ತವರು ಸರ್ವರ ಹಿತಕ್ಕಾಗಿ ವಿವೇಕದಿಂದ ಮಾಡುವ ಏರ್ಪಾಡೇ ಕಾನೂನು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಬಜೆಟ್ಟೂ ಅಂಥದೇ ಏರ್ಪಾಡು. ಕೂಗುವವರ ಹಿತವಷ್ಟೇ ಸರ್ವರ ಹಿತವಾಗದು.

ನಮ್ಮ ಮಣ್ಣಿನಲ್ಲೇ ಇದಕ್ಕೊಂದು ಮಾದರಿಯಿದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ ಗಂಜಾಮಿನಲ್ಲಿ ದೇವಾಲಯ ಕಟ್ಟಿಸಿದರು. ಅದು ಕಣ್ಣಿಗೆ ಕಾಣುವ ಕೆಲಸ. ಅದೇ ಕಾಲದಲ್ಲಿ ಸಿಡುಬಿನ ಲಸಿಕೆಯನ್ನು ಜನರಿಗೆ ಹಾಕಿಸಲು ಶ್ರಮಿಸಿದರು. ಲಸಿಕೆ ಹಾಕಿಸಿಕೊಂಡ ಯಾವ ಮಗು 'ನನಗೆ ಸಿಡುಬು ಬರಲಿಲ್ಲ' ಎಂದು ಹಬ್ಬ ಮಾಡೀತು? ಆ ಮಗುವಿನ ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೋ ಏನೋ. ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಬೆರಳನ್ನು ನನ್ನ ಕಡೆಗೂ ತಿರುಗಿಸುತ್ತೇನೆ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಉಪದೇಶ ತರಗತಿಯ ಕೊಠಡಿಯ ಮೆಟ್ಟಿಲಿಗೆ ಕಂಬಿ ಇರಲಿಲ್ಲ. ಹಬ್ಬದ ದೀಪಾಲಂಕಾರಕ್ಕೆ ಕೇಳಿದೊಡನೆ ದಾನಿಗಳು ಸಿಕ್ಕರು. ಕಂಬಿಗೆ ಯಾರೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಗಟ್ಟಿಯಾಗಿ ಕೇಳಲಿಲ್ಲ, ಏಕೆಂದರೆ ಕಂಬಿಯ ಮೇಲೆ ದಾನಿಯ ಹೆಸರು ಬರೆಯಲು ಜಾಗವಿಲ್ಲ! ಒಬ್ಬ ಹುಡುಗಿ ಜಾರಿ ಬಿದ್ದು ಕೈ ಮುರಿದುಕೊಂಡ ವಾರವೇ ಕಂಬಿ ಬಂತು. ಸರ್ಕಾರದ ರೋಗವೇ ನಮ್ಮದೂ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಬೀದಿಯ ಬೇಡಿಕೆಯ ಜೊತೆಗೆ, ನಿಮಗೆ ಲಾಭವಿಲ್ಲದ ಒಂದು ಬೇಡಿಕೆಯನ್ನೂ ಇಡಿ: ಯಾವುದೋ ಊರಿನ ತಿರುವಿನ ಗೋಡೆ, ಒಡೆದ ತೂಬಿನ ದುರಸ್ತಿ, ಯಾರದೋ ಮಕ್ಕಳು ಓಡಾಡುವ ಸೇತುವೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲೆಂದು ಪ್ರಭು ಯೇಸು ಕಲಿಸಿದರು. ಪಡೆದವರಿಗೇ ತಿಳಿಯದ ದಾನ ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ಅದನ್ನು ಕಾಣುವವನು ದೇವರೊಬ್ಬನೇ.