ಅಪ್ಪನಿಗಾಗಿ ಅತ್ತ ಮಗ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಆದಿಕಾಂಡ 50:1–21

   

ಹೋದ ವರ್ಷ ಇದೇ ತಿಂಗಳಲ್ಲಿ ನಮ್ಮ ತಂದೆಯವರು ಕರ್ತನ ಬಳಿಗೆ ಹೋದರು. ನಿಮ್ಮಲ್ಲಿ ತುಂಬಾ ಜನ ಆಗ ನಮ್ಮ ಜೊತೆ ನಿಂತಿರಿ, ಪ್ರಾರ್ಥನೆ ಮಾಡಿದಿರಿ. ಆದರೆ ಈ ಒಂದು ವರ್ಷ ನಾನು ಇಲ್ಲಿ ನಿಂತು ಅವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಅಂತ ಸಂದೇಶದ ಕೊನೆಯಲ್ಲಿ ಹೇಳ್ತೀನಿ. ಮೊದಲು ವಾಕ್ಯ ನೋಡೋಣ.

ಆದಿಕಾಂಡ 50ನೇ ಅಧ್ಯಾಯ, ಮೊದಲನೆಯ ವಚನ. ಯಾಕೋಬನು ತೀರಿಹೋದ. ಯೋಸೇಫನು ಏನು ಮಾಡಿದ? ತಂದೆಯ ಮುಖದ ಮೇಲೆ ಬಿದ್ದು ಅತ್ತ, ಮುದ್ದಿಟ್ಟ. ಇವನು ಯಾರು? ಐಗುಪ್ತದಲ್ಲಿ ಫರೋಹನ ನಂತರದ ಸ್ಥಾನದಲ್ಲಿದ್ದವನು. ಸುತ್ತಲೂ ಸೇವಕರು, ಅಧಿಕಾರಿಗಳು. ಆದರೂ ಅಪ್ಪನ ಮುಂದೆ ಅವನು ಮಂತ್ರಿಯಲ್ಲ, ಮಗ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಭಿಕ್ಷದ 7 ವರ್ಷ, ಬರಗಾಲದ 2 ವರ್ಷ ಕಳೆದವು. ಅಂದರೆ ತಂದೆಯನ್ನು ಮತ್ತೆ ನೋಡಿದಾಗ ಅವನಿಗೆ ಸುಮಾರು 39. ನಡುವೆ 22 ವರ್ಷ ಅಪ್ಪನ ಮುಖವನ್ನೇ ನೋಡಿರಲಿಲ್ಲ. ಯಾಕೋಬನು ಐಗುಪ್ತಕ್ಕೆ ಬಂದದ್ದು 130ನೇ ವಯಸ್ಸಿನಲ್ಲಿ, ತೀರಿಕೊಂಡದ್ದು 147ರಲ್ಲಿ. ಎಷ್ಟಾಯ್ತು? ಮತ್ತೆ 17 ವರ್ಷ! ಚಿಕ್ಕವನಿದ್ದಾಗ 17 ವರ್ಷ ಅಪ್ಪನು ಮಗನನ್ನು ಸಾಕಿದ. ಕೊನೆಯ 17 ವರ್ಷ ಮಗನು ಅಪ್ಪನನ್ನು ಸಾಕಿದ. ದೇವರು ಕಳೆದುಹೋದದ್ದನ್ನು ಹಿಂದಕ್ಕೆ ಕೊಡುವ ದೇವರು. ಆಮೆನ್?

ಅಣ್ಣಂದಿರಿಗೆ ತನ್ನ ಗುರುತು ಹೇಳಿದಾಗ ಯೋಸೇಫನು ಕೇಳಿದ ಮೊದಲನೆಯ ಪ್ರಶ್ನೆ ಯಾವುದು ಗೊತ್ತಾ? ನನ್ನನ್ನು ಯಾಕೆ ಮಾರಿದಿರಿ ಅಂತ ಅಲ್ಲ. ಅಪ್ಪ ಇನ್ನೂ ಬದುಕಿದ್ದಾರಾ ಅಂತ. 22 ವರ್ಷ ಆ ಪ್ರಶ್ನೆ ಅವನ ಹೃದಯದಲ್ಲೇ ಇತ್ತು.

ಪ್ರಿಯರೇ, ಯಾಕೋಬನು ಪರಿಪೂರ್ಣ ತಂದೆಯಾಗಿರಲಿಲ್ಲ. ಮಕ್ಕಳಲ್ಲಿ ಭೇದ ಮಾಡಿದ. ಒಬ್ಬನಿಗೆ ಮಾತ್ರ ವಿಶೇಷವಾದ ಅಂಗಿ ಮಾಡಿಸಿಕೊಟ್ಟ, ಮನೆಯಲ್ಲಿ ಹೊಟ್ಟೆಕಿಚ್ಚು ಹುಟ್ಟಿತು. ತಾನು ಆಡಿನ ಚರ್ಮ ಕಟ್ಟಿಕೊಂಡು ತನ್ನ ತಂದೆಯನ್ನು ಮೋಸ ಮಾಡಿದ. ಅವನ ಮಕ್ಕಳು ಆಡಿನ ರಕ್ತದಲ್ಲಿ ಅಂಗಿ ಅದ್ದಿ ಅವನನ್ನೇ ಮೋಸ ಮಾಡಿದರು. ಸತ್ಯವೇದ ಇದ್ಯಾವುದನ್ನೂ ಮುಚ್ಚಿಡುವುದಿಲ್ಲ. ತಂದೆಯನ್ನು ಸನ್ಮಾನಿಸು ಅಂದರೆ ತಂದೆಯ ಬಗ್ಗೆ ಸುಳ್ಳು ಹೇಳು ಅಂತ ಅರ್ಥವಲ್ಲ.

ಇಲ್ಲಿ ಕೂತಿರುವ ಕೆಲವರಿಗೆ ಅಪ್ಪ ಅನ್ನೋ ಪದವೇ ಕಷ್ಟ. ಕುಡಿದು ಬರ್ತಿದ್ದ ಅಪ್ಪ, ಹೊಡೀತಿದ್ದ ಅಪ್ಪ, ಬಿಟ್ಟು ಹೋದ ಅಪ್ಪ. ನಿಮಗೆ ಇವತ್ತು ಬಲವಂತವಾಗಿ ಕಣ್ಣೀರು ಬರಬೇಕು ಅಂತ ನಾನು ಹೇಳೋದಿಲ್ಲ. ಹೆತ್ತವರೇ ಕೈಬಿಟ್ಟರೂ ಕರ್ತನು ಕೈಬಿಡುವುದಿಲ್ಲ ಎಂದು ಕೀರ್ತನೆ 27 ಕಲಿಸುತ್ತದೆ. ಆ ವಾಗ್ದಾನ ನಿಮ್ಮದು. ಹಿಡ್ಕೊಳ್ಳಿ.

ಯೋಸೇಫನಿಂದ ಇವತ್ತು ಮೂರು ವಿಷಯ ಕಲಿಯೋಣ.

ಮೊದಲನೆಯದು, ಅವನು ಅತ್ತನು.

ನಮ್ಮಪ್ಪ ದಾವಣಗೆರೆಯಲ್ಲಿ ಟೈಲರ್ ಆಗಿದ್ದರು. ಒಂದು ಚಿಕ್ಕ ಅಂಗಡಿ, ಒಂದು ಮಷೀನು, ಗೋಡೆಗೆ ವಾಕ್ಯದ ಕ್ಯಾಲೆಂಡರು. ಶಾಲೆ ಶುರುವಾಗೋ ಸಮಯದಲ್ಲಿ ರಾತ್ರಿಯೆಲ್ಲಾ ಯೂನಿಫಾರಂ ಹೊಲೀತಿದ್ದರು. ಹುಡುಗರ ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆ ಜಾಸ್ತಿ ಬಿಟ್ಟು ಒಳಗೆ ಮಡಚಿ ಹೊಲೀತಿದ್ದರು. "ಹುಡುಗ ಬೆಳೀತಾನೆ, ಬಿಚ್ಚಿ ಉದ್ದ ಮಾಡ್ಕೊಳ್ಲಿ. ವರ್ಷಾ ವರ್ಷಾ ಹೊಸದು ಎಲ್ಲಿಂದ ತರ್ತಾರೆ?" ಅಂತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಷೀನಿನ ಪಕ್ಕದಲ್ಲೇ ಮೊಣಕಾಲೂರಿ ನಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದರು. ನಾವು ಹೊದಿಕೆಯೊಳಗೆ ಮಲಗಿಕೊಂಡೇ ನಮ್ಮ ಹೆಸರು ಕೇಳಿಸಿಕೊಳ್ತಿದ್ದೆವು.

ಅವರಿಗೆ ಕಿಡ್ನಿ ಕಾಯಿಲೆ ಬಂತು. ಡಯಾಲಿಸಿಸ್ ಶುರುವಾಯ್ತು. ಸಭೆಯಾಗಿ 21 ದಿನ ಉಪವಾಸ ಪ್ರಾರ್ಥನೆ ಮಾಡಿದೆವು. ದೇವರು ಗುಣಪಡಿಸುತ್ತಾನೆ ಅಂತ ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಅಪ್ಪ ಹೋದರು. ಸಮಾಧಿ ಮಾಡಿ ಬಂದ ದಿನ ಒಬ್ಬರು ನನ್ನ ಹತ್ತಿರ ಬಂದು, ಎಲ್ಲೋ ವಿಶ್ವಾಸ ಕಡಿಮೆ ಆಯ್ತು ಬ್ರದರ್ ಅಂದರು. ಇನ್ನೊಬ್ಬರು, ಅಳಬೇಡಿ, ನೀವು ದೇವರ ಸೇವಕರು, ಸಾಕ್ಷಿ ಕೆಡುತ್ತೆ ಅಂದರು. ಪ್ರೀತಿಯಿಂದಲೇ ಹೇಳಿದರು. ನಾನು ಅಳಲಿಲ್ಲ. ಮುಂದಿನ ಭಾನುವಾರವೇ ಇಲ್ಲಿ ನಿಂತು ಪ್ರಸಂಗ ಮಾಡಿದೆ. ನೀವೆಲ್ಲಾ ಎಷ್ಟು ಗಟ್ಟಿ ವಿಶ್ವಾಸ ಅಂದ್ರಿ. ಅದು ವಿಶ್ವಾಸವಲ್ಲ ಪ್ರಿಯರೇ, ನಾನು ಒಳಗೆ ಕಲ್ಲಾಗಿದ್ದೆ.

2 ಅರಸುಗಳು 13ನೇ ಅಧ್ಯಾಯ ಓದಿ. ಎಲೀಷನು ಎಲೀಯನ ಆತ್ಮದಲ್ಲಿ ಎರಡು ಪಾಲು ಕೇಳಿ ಪಡೆದವನು. ಸತ್ತ ಹುಡುಗನನ್ನು ಎಬ್ಬಿಸಿದವನು, ನಾಮಾನನ ಕುಷ್ಠ ವಾಸಿಮಾಡಿದವನು. ಅವನು ಹೇಗೆ ತೀರಿಕೊಂಡ? ಕಾಯಿಲೆ ಬಿದ್ದು. ಎಲೀಷನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಹೇಳೋ ಧೈರ್ಯ ಯಾರಿಗಿದೆ? ಹಾಗಾದರೆ ನಿಮ್ಮ ಅಪ್ಪನ ಹಾಸಿಗೆಯ ಪಕ್ಕ ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಿದ ನಿಮ್ಮ ಮೇಲೆ ಆ ಭಾರ ಯಾಕೆ ಹೊತ್ಕೊಂಡಿದ್ದೀರಿ? ಇವತ್ತು ಕೆಳಗಿಡಿ.

ಲಾಜರನ ಸಮಾಧಿಯ ಹತ್ತಿರ ನಮ್ಮ ಕರ್ತನು ಕಣ್ಣೀರು ಬಿಟ್ಟನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತನು. ಪೌಲನು ಥೆಸಲೋನಿಕದವರಿಗೆ ದುಃಖವನ್ನೇ ಪಡಬೇಡಿ ಅಂತ ಬರೆಯಲಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎನ್ನುವುದು ಅವನ ಬೋಧನೆ. ನಿರೀಕ್ಷೆ ಇರೋರೂ ಅಳ್ತಾರೆ. ಯಾಕೋಬನಿಗಾಗಿ ಐಗುಪ್ತದವರು 70 ದಿನ ಅತ್ತರು. ಆಟಾದನ ಕಣದಲ್ಲಿ ಯೋಸೇಫನು ಮತ್ತೆ 7 ದಿನ ದುಃಖಪಟ್ಟ. ನಮಗೆ ಆಫೀಸಿನಲ್ಲಿ ಮೂರು ದಿನ ರಜೆ. ನಾಲ್ಕನೇ ದಿನ ಲ್ಯಾಪ್‌ಟಾಪ್ ತೆಗೆದು ಮೀಟಿಂಗ್‌ಗೆ ಕೂರ್ತೀವಿ. ದೇವರ ಮುಂದೆ ನಿಮಗೆ ಅಷ್ಟು ಅವಸರ ಬೇಡ.

ಎರಡನೆಯದು, ಅವನು ತಂದೆಗೆ ಕೊಟ್ಟ ಮಾತು ಉಳಿಸಿಕೊಂಡನು.

ಯಾಕೋಬನು ಮಗನಿಂದ ಪ್ರಮಾಣ ಮಾಡಿಸಿದ್ದ. ನನ್ನನ್ನು ಐಗುಪ್ತದಲ್ಲಿ ಹೂಣಿಡಬೇಡ, ನನ್ನ ಪಿತೃಗಳ ಹತ್ತಿರ ತಕ್ಕೊಂಡು ಹೋಗು ಅಂತ. ಮಕ್ಪೇಲದ ಗವಿ, ಅಬ್ರಹಾಮ ಸಾರಾ, ಇಸಾಕ ರೆಬೆಕ್ಕ, ಲೇಯಾ ಮಲಗಿರುವ ಜಾಗ. ಐಗುಪ್ತದಲ್ಲೇ ದೊಡ್ಡ ಸಮಾಧಿ ಕಟ್ಟಿಸೋದು ಯೋಸೇಫನಿಗೆ ಸುಲಭವಾಗಿತ್ತು. ಆದರೆ ಅಪ್ಪನಿಗೆ ಬೇಕಾಗಿದ್ದದ್ದು ಸಮಾಧಿಯ ದೊಡ್ಡಸ್ತಿಕೆ ಅಲ್ಲ, ದೇವರು ವಾಗ್ದಾನ ಮಾಡಿದ ನೆಲ. ಯೋಸೇಫನು ಅರಮನೆಯವರ ಮೂಲಕ ಫರೋಹನಲ್ಲಿ ಅಪ್ಪಣೆ ಕೇಳಿ ಕಾನಾನಿಗೆ ಹೊರಟ.

ನಿಮ್ಮ ಅಪ್ಪ ನಿಮ್ಮ ಹತ್ತಿರ ಏನು ಕೇಳಿದ್ದರು? ಯೋಚನೆ ಮಾಡಿ. ನಮ್ಮಪ್ಪ ಆಸ್ಪತ್ರೆಯಲ್ಲಿ ನಮ್ಮಿಬ್ಬರ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಅಣ್ಣ ತಮ್ಮ ಮಾತು ಬಿಡಬ್ಯಾಡ್ರಿ."

ಇದು ಮೂರನೆಯ ವಿಷಯಕ್ಕೆ ತರುತ್ತದೆ. ಯೋಸೇಫನು ಅಣ್ಣಂದಿರನ್ನು ಕ್ಷಮಿಸಿದನು.

ವಚನ 15 ನೋಡಿ. ಅಪ್ಪ ಹೋದ ಕೂಡಲೇ ಅಣ್ಣಂದಿರಿಗೆ ಭಯ ಶುರುವಾಯ್ತು. ಇಷ್ಟು ದಿನ ಅಪ್ಪ ಇದ್ದರು ಅಂತ ಸುಮ್ಮನಿದ್ದ, ಈಗ ಸೇಡು ತೀರಿಸ್ತಾನೆ ಅಂದುಕೊಂಡರು. ಎಷ್ಟು ಮನೆಗಳಲ್ಲಿ ಇದೇ ಕಥೆ! ಅಪ್ಪ ಇರೋವರೆಗೂ ಹಬ್ಬಕ್ಕೆ ಒಟ್ಟಿಗೆ ಊಟ. ಅಪ್ಪ ಹೋದ ಮೇಲೆ ಸೈಟು ಯಾರ ಹೆಸರಿಗೆ, ಆಸ್ಪತ್ರೆ ಬಿಲ್ ಯಾರು ಕಟ್ಟಿದ್ದು, ಅಕ್ಕ ಸಹಿ ಹಾಕ್ತಾಳಾ ಇಲ್ವಾ.

ಈಗ ಹೇಳ್ತೀನಿ, ಈ ಒಂದು ವರ್ಷ ನಾನು ಯಾಕೆ ಅಪ್ಪನ ಬಗ್ಗೆ ಮಾತಾಡಲಿಲ್ಲ ಅಂತ. ಸಮಾಧಿ ಮಾಡಿದ ಹದಿನೈದು ದಿನಕ್ಕೆ ನಾನು ಮತ್ತು ಅಣ್ಣ ಆ ಆಸ್ಪತ್ರೆಯ ದುಡ್ಡಿನ ವಿಷಯಕ್ಕೇ ಜಗಳ ಆಡಿದೆವು. ತಪ್ಪು ಹೆಚ್ಚಾಗಿ ನನ್ನದೇ. ನಾನು ಎಣಿಸಿ ಎಣಿಸಿ ಮಾತಾಡಿದೆ. ಎಂಟು ತಿಂಗಳು ಮಾತಿಲ್ಲ. ಇಲ್ಲಿ ನಿಂತು ಕ್ಷಮೆಯ ಬಗ್ಗೆ ಪ್ರಸಂಗ ಮಾಡ್ತಿದ್ದೆ, ಅಣ್ಣನ ಫೋನ್ ಎತ್ತುತ್ತಿರಲಿಲ್ಲ. ಅಪ್ಪನ ಹೆಸರು ಹೇಳೋ ಯೋಗ್ಯತೆ ನನಗಿರಲಿಲ್ಲ.

ಒಂದು ದಿನ ಅಪ್ಪ ಹೊಲಿದುಕೊಟ್ಟ ಹಳೇ ಪ್ಯಾಂಟು ಸಿಕ್ಕಿತು. ಕೆಳಗೆ ತಿರುಗಿಸಿ ನೋಡಿದೆ. ಒಳಗೆ ಎರಡು ಇಂಚು ಬಟ್ಟೆ ಹಾಗೇ ಇತ್ತು. ನನಗೆ ಆಗಲೇ ಇಪ್ಪತ್ತೈದು ವರ್ಷ ಆಗಿತ್ತು, ನಾನಿನ್ನೆಲ್ಲಿ ಉದ್ದ ಆಗ್ತಿದ್ದೆ? ಆದರೂ ಬಿಟ್ಟಿದ್ದರು. ಆವತ್ತು ಅತ್ತೆ. ಒಂದು ವರ್ಷದ ಅಳು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಪವಿತ್ರಾತ್ಮನು ನನ್ನ ಹೃದಯದಲ್ಲಿ ಒಂದೇ ಪ್ರಶ್ನೆ ಕೇಳಿದನು: ಅಪ್ಪ ನಿನಗೆ ಇಷ್ಟು ಜಾಗ ಬಿಟ್ಟರು, ನೀನು ನಿನ್ನ ಅಣ್ಣನಿಗೆ ಎಷ್ಟು ಬಿಟ್ಟಿದ್ದೀ?

ಅಣ್ಣನಿಗೆ ಫೋನ್ ಮಾಡಿದೆ. ಏನು ಮಾತಾಡೋದು ಅಂತ ಗೊತ್ತಾಗಲಿಲ್ಲ. ಅಣ್ಣನೂ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಊಟ ಆತೇನೋ?" ಪ್ರಿಯರೇ, ಅಪ್ಪ ಫೋನ್ ಮಾಡಿದಾಗೆಲ್ಲಾ ಮೊದಲು ಕೇಳ್ತಿದ್ದದ್ದು ಅದೇ.

ಯೋಸೇಫನು ಅಣ್ಣಂದಿರ ಮಾತು ಕೇಳಿ ಅತ್ತನು. ಭಯಪಡಬೇಡಿ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನಾನು ಸಾಕುತ್ತೇನೆ ಅಂತ ಧೈರ್ಯ ಹೇಳಿದನು. ಇನ್ನೂ ಬಹಳ ವರ್ಷ, 110ನೇ ವಯಸ್ಸಿನವರೆಗೆ ಬದುಕಿದನು. ತಂದೆಯನ್ನು ಗವಿಯಲ್ಲಿಟ್ಟು ಬಂದ ಮೇಲೂ ಅವನು ತಂದೆಗೆ ಮಗನಾಗಿಯೇ ನಡೆದುಕೊಂಡ.

ಸ್ಟೇಟಸ್‌ನಲ್ಲಿ ಅಪ್ಪನ ಫೋಟೋ ಹಾಕಿ, ತಪ್ಪಿಲ್ಲ. ಆದರೆ ಇವತ್ತು ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಫೋನ್ ಮಾಡಿ. ಅಪ್ಪ ಇದ್ದರೆ ಅಪ್ಪನಿಗೆ ಮಾಡಿ, ಆಮೇಲೆ ಮಾಡ್ತೀನಿ ಅನ್ನಬೇಡಿ. ಅಪ್ಪ ಇಲ್ಲದಿದ್ದರೆ ಅಪ್ಪ ಪ್ರೀತಿಸಿದ ಯಾರಿಗಾದರೂ ಮಾಡಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಅಳಬೇಕು ಅನ್ನಿಸಿದರೆ ಅಳಿ, ಯಾರೂ ನಿಮ್ಮನ್ನು ನೋಡ್ತಿಲ್ಲ.

ಪರಲೋಕದ ತಂದೆಯೇ, ನಮಗೆ ಕೊಟ್ಟ ತಂದೆಯರಿಗಾಗಿ ಸ್ತೋತ್ರ. ಅವರ ಒಳ್ಳೆಯತನಕ್ಕಾಗಿ ಸ್ತೋತ್ರ. ಅವರ ತಪ್ಪುಗಳನ್ನು ಕ್ಷಮಿಸಲು ನಮಗೆ ಕೃಪೆ ಕೊಡು. ಪ್ರಾರ್ಥಿಸಿಯೂ ಕಳಕೊಂಡವರ ಎದೆಯ ಭಾರವನ್ನು ಈ ಹೊತ್ತೇ ತೆಗೆದುಹಾಕು. ತಂದೆ ಇಲ್ಲದವರಿಗೆ ನೀನೇ ತಂದೆಯಾಗಿರು. ಮಾತು ಬಿಟ್ಟ ಅಣ್ಣ ತಮ್ಮಂದಿರನ್ನು, ಅಕ್ಕ ತಂಗಿಯರನ್ನು ಒಂದುಮಾಡು. ಪುನರುತ್ಥಾನದ ದಿನದವರೆಗೆ ನಮ್ಮನ್ನು ನಿರೀಕ್ಷೆಯಲ್ಲಿ ನಡಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.